ಬಲಗಾಲಿನ ಮೆತ್ತೆ

"ಬಲಗಾಲು ತುಂಬಾ ನೋಯ್ತಿದೆಯಂತಲ್ಲಾ ಅಕ್ಕಾ," ಎಂದ ಹೊಲಿಗೆಮನೆಯ ಯಜಮಾನ.

ದಪ್ಪ ಕೋಟುಬಟ್ಟೆಯ ನಡುವೆ ಅರ್ಧ ದಾರಿ ಸಾಗಿದ್ದ ಕತ್ತರಿ ಅಲ್ಲೇ ನಿಂತಿತು. ಕತ್ತರಿಯಕ್ಕ ತನ್ನ ಪಾದಗಳನ್ನೊಮ್ಮೆ ನೋಡಿಕೊಂಡಳು. ನೋವಿದ್ದದ್ದು ನಿಜ. ಆದರೆ ಎಡಗಾಲಿನಲ್ಲಿ.

ಆ ಹೊಲಿಗೆಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಕತ್ತರಿಯಕ್ಕ ಎಂದು. ಕಿಟಕಿ ಪಕ್ಕದ ಉದ್ದನೆಯ ಮೇಜು ಅವಳದು. ಅವಳ ಕೈ ದಾಟದೆ ಒಂದು ತುಂಡು ಬಟ್ಟೆಯೂ ಮಿಷನ್ನಿಗೆ ಹೋಗುತ್ತಿರಲಿಲ್ಲ. ಕೋಟುಬಟ್ಟೆಯನ್ನು ಕೂತು ಕತ್ತರಿಸಲಾಗದು, ಮೈಭಾರ ಹಾಕಿ ನಿಂತೇ ಕತ್ತರಿಸಬೇಕು. ನೆಲದ ಮೇಲೆ ಸೂಜಿ, ಗುಂಡುಪಿನ್ನು ಬಿದ್ದಿರುತ್ತವೆಂದು ಎಲ್ಲರೂ ಮುಚ್ಚಿದ ಕಪ್ಪು ಶೂ ಹಾಕಲೇಬೇಕು ಎಂಬುದು ಯಜಮಾನನ ಕಟ್ಟಪ್ಪಣೆ. ಆ ಶೂ ಒಳಗೇ ಅವಳ ಎಡಗಾಲಿನ ಹೆಬ್ಬೆರಳು ವರ್ಷ ವರ್ಷವೂ ಪಕ್ಕದ ಬೆರಳಿನ ಕಡೆ ವಾಲಿಕೊಂಡು, ಬುಡದಲ್ಲಿ ದೊಡ್ಡ ಗೋಲಿಯಷ್ಟು ಗಂಟು ಎದ್ದಿತ್ತು. ಮಧ್ಯಾಹ್ನ ದಾಟಿತೆಂದರೆ ಆ ಗಂಟಿಗೆ ಯಾರೋ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದ ಹಾಗೆ ಉರಿ.

ಅವಳು ಅದನ್ನು ಹೊಲಿಗೆಮನೆಯಲ್ಲಿ ಯಾರಿಗೂ ಹೇಳದೆ ಹಲ್ಲು ಕಚ್ಚಿಕೊಂಡಿದ್ದಳು. ಅದಕ್ಕೆ ಕಾರಣವಿತ್ತು. ಅವಳಿಗಿಂತ ಮೊದಲು ಆ ಮೇಜಿನಲ್ಲಿದ್ದ ಮಾಸ್ಟರಿಗೆ ಮಂಡಿ ಹಿಡಿದಾಗ ಯಜಮಾನ ಅವರನ್ನು ಬಹಳ ಪ್ರೀತಿಯಿಂದಲೇ ಗುಂಡಿ ಹೊಲಿಯುವ ಮೂಲೆಯ ಸ್ಟೂಲಿನಲ್ಲಿ ಕೂರಿಸಿದ್ದ. ಆ ಮೂಲೆಗೆ ಹೋದವರು ಮೇಜಿಗೆ ಮರಳಿದ್ದನ್ನು ಯಾರೂ ಕಂಡಿರಲಿಲ್ಲ. ಸ್ವಲ್ಪ ದಿನಕ್ಕೆ ಗುಂಡಿ ಕೆಲಸ ಕಡಿಮೆಯಾಯಿತು ಎಂಬ ಮಾತು ಬರುತ್ತಿತ್ತು, ಆಮೇಲೆ ಸ್ಟೂಲೂ ಖಾಲಿ.

ಅಲ್ಲಿ ಹೇಳಿಕೊಂಡಿದ್ದು ಒಬ್ಬಳ ಹತ್ತಿರ ಮಾತ್ರ. ಎದುರು ಸಾಲಿನಲ್ಲಿ ಕೂತು ಕೋಟಿನ ಭುಜದ ಮೆತ್ತೆ ಹೊಲಿಯುವ ಗೆಳತಿಯ ಹತ್ತಿರ. ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು, ಒಬ್ಬರ ಬಾಣಂತನಕ್ಕೆ ಇನ್ನೊಬ್ಬರು ಓಡಾಡಿದವರು. ಪಾದದ ಕಮಾನಿನ ಕೆಳಗೆ ಆಸರೆ ಕೊಟ್ಟರೆ ಭಾರ ಗಂಟಿನ ಮೇಲೆ ಬೀಳುವುದಿಲ್ಲ, ಶೂ ಒಳಗೆ ಮೆತ್ತೆ ಹಾಕಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಅಂಗಡಿಯಿಂದ ತಂದ ಮೆತ್ತೆ ಹಾಕಿದರೆ ಶೂ ಒಳಗೆ ಕಾಲೇ ಹೋಗುತ್ತಿರಲಿಲ್ಲ. ಅದನ್ನು ಕೇಳಿ ಗೆಳತಿ ನಕ್ಕುಬಿಟ್ಟಿದ್ದಳು. "ಊರವರ ಭುಜಕ್ಕೆಲ್ಲ ಮೆತ್ತೆ ಹೊಲಿಯೋಳು ನಾನು. ನಿನ್ನ ಪಾದಕ್ಕೊಂದು ಹೊಲಿಯೋಕಾಗಲ್ವೇನೇ?"

ಗೆಳತಿಗೆ ಕೂಡ ಆ ಗಂಟನ್ನು ತೋರಿಸಲು ಕತ್ತರಿಯಕ್ಕನಿಗೆ ನಾಚಿಕೆ. ಮನೆಯಲ್ಲೇ ಕಂದು ಕಾಗದದ ಮೇಲೆ ಎಡಪಾದವಿಟ್ಟು ಸುತ್ತ ಗೆರೆ ಎಳೆದು, ತಂದು ಕೊಟ್ಟಿದ್ದಳು. ಯಾವ ಕಾಲು ಎಂದು ಇವಳೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವರ ಕಸುಬಿನಲ್ಲಿ ಬಟ್ಟೆಯನ್ನು ಮಗುಚಿ ಹಾಸಿ, ಒಳಮೈ ಮೇಲೆ ಗುರುತು ಹಾಕುವುದು ರೂಢಿ. ಗೆರೆ ಕಂಡ ಕಡೆಯೇ ಒಳಮೈ ಎಂದು ಕೈ ತಾನಾಗಿ ತಿಳಿದುಬಿಡುತ್ತದೆ. ಗೆಳತಿ ಕಾಗದವನ್ನೂ ಹಾಗೇ ಗೆರೆಯ ಮೈ ಕೆಳಗಾಗುವಂತೆ ಮಗುಚಿಟ್ಟು, ಅದರಂತೆ ಬಟ್ಟೆ ಕತ್ತರಿಸಿದಳು. ಎಡಗಾಲು ಬಲಗಾಲಾಯಿತು. ಮೂರು ಪದರ ಸೇರಿಸಿ ಒತ್ತೊತ್ತಾಗಿ ಹೊಲಿದು, ಮೇಲೆ ಸೀಮೆಸುಣ್ಣದಲ್ಲಿ 'ಬಲ' ಎಂದು ಬರೆದು, ಹಬ್ಬದ ಉಡುಗೊರೆ ಕೊಡುವವಳಂತೆ ಕೈಗಿಟ್ಟಿದ್ದಳು.

ಅಷ್ಟು ಮುತುವರ್ಜಿಯಿಂದ ಮಾಡಿಕೊಟ್ಟವಳಿಗೆ ತಪ್ಪು ಎಂದು ಹೇಳಲು ಕತ್ತರಿಯಕ್ಕನಿಗೆ ಬಾಯಿ ಬರಲಿಲ್ಲ. ಮನೆಗೆ ಒಯ್ದು, ಅದನ್ನು ಮಗುಚಿ ಎಡ ಶೂ ಒಳಗೆ ಹಾಕಿಕೊಂಡಳು. ಸರಿಯಾಗಿ ಕೂತಿತು. ನೋವು ಪೂರ್ತಿ ಹೋಗದಿದ್ದರೂ ಸಂಜೆಯವರೆಗೆ ನಿಲ್ಲುವಷ್ಟು ತಗ್ಗಿತು. ಗೆಳತಿ ಆಗಾಗ "ಬಲಗಾಲು ಹೇಗಿದ್ಯೇ?" ಎಂದು ಪಿಸುಗುಟ್ಟಿದಾಗ ಇವಳು "ಪರವಾಗಿಲ್ಲ ಕಣೇ" ಎನ್ನುತ್ತಿದ್ದಳು. ಗಂಡನಿಗೆ ಗೊತ್ತಿತ್ತು ಎಡಗಾಲು ಎಂದು, ಡಾಕ್ಟರಿಗೆ ಗೊತ್ತಿತ್ತು. ಬಲಗಾಲು ಎಂದುಕೊಂಡಿದ್ದವಳು ಇಡೀ ಲೋಕದಲ್ಲಿ ಒಬ್ಬಳೇ.

"ನಮಗೆ ಹೇಳಬಾರದಿತ್ತಾ?" ಯಜಮಾನನ ದನಿಯಲ್ಲಿ ನಿಜವಾದ ಕನಿಕರವೇ ಇತ್ತು. ನಾಳೆಯಿಂದ ಗುಂಡಿ ಮೂಲೆಯಲ್ಲಿ ಆರಾಮಾಗಿ ಕೂತು ಕೆಲಸ ಮಾಡಿ ಎಂದ. ಮೇಜಿಗೆ ಬೇರೆ ಯಾರನ್ನೂ ಹುಡುಕುವುದು ಬೇಡ, ನಿಮ್ಮ ಗೆಳತಿಯೇ ನೋಡಿಕೊಳ್ಳುತ್ತಾರಂತೆ ಎಂದ. ಯಾರು ಹೇಳಿದರು ಎಂದು ಅವಳು ಕೇಳಿದ್ದಕ್ಕೆ ಮಾತ್ರ, ನಿಮಗೆ ಒಳ್ಳೆಯದಾಗಲಿ ಅನ್ನುವವರೇ ಹೇಳಿದ್ದು ಎಂದು ನುಣುಚಿಕೊಂಡ.

ಕತ್ತರಿಯಕ್ಕ ತಲೆಯೆತ್ತಿ ನೋಡಿದಳು. ಎದುರು ಸಾಲಿನಲ್ಲಿ ಗೆಳತಿ ತಲೆ ತಗ್ಗಿಸಿಕೊಂಡು ಹೊಲಿಯುತ್ತಲೇ ಇದ್ದಳು. ಅವಳ ಮುಂದಿನ ಸೂಜಿದಿಂಬಿನಲ್ಲಿ ದಾರ ಪೋಣಿಸಿದ ಸೂಜಿಗಳು ಸಾಲಾಗಿ ನಿಂತಿದ್ದವು. ದಾರ ಪೋಣಿಸಿದ್ದು ಕತ್ತರಿಯಕ್ಕ. ಎರಡು ವರ್ಷದಿಂದ ಗೆಳತಿಗೆ ಸೂಜಿಯ ಕಣ್ಣು ಕಾಣುತ್ತಿರಲಿಲ್ಲ. ಯಜಮಾನ ಬರುವ ಮೊದಲೇ ಇವಳು ಬಂದು ದಿನದ ಸೂಜಿಗಳಿಗೆಲ್ಲ ದಾರ ಪೋಣಿಸಿಟ್ಟು, ತುಟಿ ಪಿಟಕ್ಕೆನ್ನದೆ ತನ್ನ ಮೇಜಿಗೆ ಹೋಗುತ್ತಿದ್ದಳು. ದಪ್ಪ ಗೆರೆಯ ಮೇಲೆ ಕತ್ತರಿ ಆಡಿಸಲು ಅಂಥ ಕಣ್ಣು ಬೇಕಿಲ್ಲ, ಗೆಳತಿಗೆ ಈ ಮೇಜು ಬೇಕಾದದ್ದು ಅದಕ್ಕೇ ಎಂಬುದು ಅವಳಿಗೆ ಈಗ ಹೊಳೆಯಿತು.

ಗೆಳತಿಗೆ ಸರಿಯಾಗಿ ಕಣ್ಣು ಕಾಣದು ಎಂಬ ಒಂದು ಮಾತು ಸಾಕಿತ್ತು. ಆ ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಯಜಮಾನ ಇನ್ನೂ ಎದುರಿಗೇ ಇದ್ದ. ಅವಳು ಅದನ್ನು ನುಂಗಿಕೊಂಡು, ಕೈಯಲ್ಲಿದ್ದ ಕೋಟಿನ ಬೆನ್ನಿನ ಭಾಗವನ್ನು ಕೊನೆಯವರೆಗೆ ನೇರವಾಗಿ ಕತ್ತರಿಸಿ ಮುಗಿಸಿದಳು.

ಊಟದ ಹೊತ್ತಿಗೆ ಗೆಳತಿ ತಾನಾಗಿ ಬಂದು ಪಕ್ಕ ಕೂತಳು. ಅವಳಿಗೂ ಈಗಷ್ಟೇ ಗೊತ್ತಾಯಿತಂತೆ. ಬೇಡ ಬೇಡ ಎಂದರೂ ಯಜಮಾನ ಕೇಳಲಿಲ್ಲವಂತೆ. ಯಾವ ಹಾಳು ಬಾಯಿ ಹೋಗಿ ಊದಿತೋ ಎಂದು ಕೊರಗಿದಳು. ಕತ್ತರಿಯಕ್ಕ ತನ್ನ ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದಳು. ಮೇಜು ಹೋಗಿದ್ದಕ್ಕಿಂತ ಈ ಮಾತುಗಳನ್ನು ಕೇಳುವುದೇ ಹೆಚ್ಚು ಸಂಕಟವಾಗಿತ್ತು. ಇಷ್ಟು ವರ್ಷ ಇದೇ ದನಿಯನ್ನು ನಂಬಿದ್ದೆನಲ್ಲ ಎಂದು ಅಳು ಒತ್ತರಿಸಿ ಬಂತು. ಅಳಲಿಲ್ಲ.

ಸಂಜೆ ಮಿಷನ್ನುಗಳು ನಿಂತು, ಉಳಿದವರು ಮೆಟ್ಟಿಲಿಳಿದ ಮೇಲೂ ಗೆಳತಿ ಸುಳಿದಾಡುತ್ತಿದ್ದಳು. ಕೊನೆಗೆ ಮೇಜಿನ ಹತ್ತಿರ ಬಂದು ಬಟ್ಟೆಯ ಅಂಚನ್ನು ಸವರುತ್ತಾ ಹೇಳಿದಳು, "ಬೇಜಾರು ಮಾಡ್ಕೋಬೇಡ ಕಣೇ. ಬಲಗಾಲಿಗೆ ಇನ್ನೊಂದು ಮೆತ್ತೆ ಮಾಡ್ಕೊಡ್ತೀನಿ, ಇನ್ನೂ ದಪ್ಪಗೆ."

ಕತ್ತರಿಯಕ್ಕ ಕತ್ತರಿಯನ್ನು ಅದರ ಚೀಲದಲ್ಲಿಟ್ಟಳು. ಬಗ್ಗಿ ಎಡ ಶೂ ಬಿಚ್ಚಿದಳು. ಕಾಲುಚೀಲವನ್ನೂ ಕಳಚಿ, ಇಷ್ಟು ವರ್ಷ ಅಲ್ಲಿ ಯಾರ ಮುಂದೆಯೂ ತೆರೆಯದಿದ್ದ ಪಾದವನ್ನು ಪಕ್ಕದ ಸ್ಟೂಲಿನ ಮೇಲೆ, ಗೆಳತಿಯ ಕಣ್ಣ ಮುಂದೆಯೇ ಇಟ್ಟಳು. ಗಂಟು ಕೆಂಪಗೆ ಊದಿತ್ತು. ಶೂ ಒಳಗಿಂದ ಮೆತ್ತೆಯನ್ನು ಎಳೆದು ಮೇಜಿನ ಮೇಲೆ ಹಾಕಿದಳು.

"ಬಲಗಾಲಿಗೆ ಏನೂ ಆಗಿಲ್ಲ ಕಣೇ," ಎಂದಳು. "ಯಾವತ್ತೂ ಆಗಿರಲಿಲ್ಲ. ನೀನು ತಪ್ಪಾಗಿ ಕತ್ತರಿಸಿದ್ದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ, ಅಷ್ಟೇ. ಇವತ್ತು ಯಜಮಾನರೂ ಬಲಗಾಲು ಅಂದ್ರು."

ಗೆಳತಿ ಪಾದವನ್ನು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಮೆತ್ತೆಯನ್ನು ಕೈಗೆತ್ತಿಕೊಂಡಳು.

ಕತ್ತರಿಯಕ್ಕ ಮೆತ್ತೆಯಿಲ್ಲದ ಬರಿಯ ಶೂ ಹಾಕಿಕೊಂಡು, ನೋವನ್ನು ಮರೆಮಾಚದೆ ಕುಂಟುತ್ತಾ ಬಾಗಿಲ ಕಡೆ ನಡೆದಳು. ಮೆಟ್ಟಿಲ ಹತ್ತಿರ ಒಮ್ಮೆ ತಿರುಗಿ ನೋಡಿದಾಗ, ಗೆಳತಿ ಕಿಟಕಿಯ ಬೆಳಕಿಗೆ ಮೆತ್ತೆಯನ್ನು ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಒಮ್ಮೆ ಈ ಮೈ, ಒಮ್ಮೆ ಆ ಮೈ ತಿರುಗಿಸುತ್ತಾ ನಿಂತಿದ್ದಳು.