ಐದನೇ ನಂಬರಿನ ಜೆರ್ಸಿ

ಕೋಚ್ ಫಂಗ್‌ಗೆ ತಂಡದ ಹೆಸರು ಓದಿ ಹೇಳುವ ಅಭ್ಯಾಸವೇ ಇರಲಿಲ್ಲ. ಪಂದ್ಯದ ದಿನ ಒಂದು ಚೀಟಿಯಲ್ಲಿ ಹನ್ನೊಂದು ನಂಬರು ಬರೆದು ಉಮ್ಮರ್ ಕುಂಞಿಯ ಕೈಗೆ ಕೊಡುತ್ತಿದ್ದ. ಉಮ್ಮರ್ ಡ್ರೆಸ್ಸಿಂಗ್ ರೂಮಿನ ಗೂಟಗಳಿಗೆ ಆ ಹನ್ನೊಂದು ಜೆರ್ಸಿ ನೇತು ಹಾಕಬೇಕು. ತನ್ನ ಗೂಟದಲ್ಲಿ ಜೆರ್ಸಿ ಕಂಡವನು ಆಡುತ್ತಾನೆ, ಕಾಣದವನು ಬಾಯಿ ಮುಚ್ಚಿಕೊಂಡು ಬೆಂಚಿಗೆ ಹೋಗುತ್ತಾನೆ. ಮೂರು ವರ್ಷದಲ್ಲಿ ಒಬ್ಬನೂ ತಕರಾರು ತೆಗೆದವನಲ್ಲ.

ಉಮ್ಮರ್ ಉಳ್ಳಾಲದವನು, ಕುವೈತ್‌ನ ಸಬ್ಹಾನ್‌ನಲ್ಲಿ ಒಂದು ಪೈಪ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೋರ್‌ಕೀಪರ್. ಮ್ಯಾನೇಜರ್‌ಗೆ ಫುಟ್‌ಬಾಲ್ ಹುಚ್ಚು ಹತ್ತಿ ಕಾರ್ಮಿಕರ ತಂಡ ಕಟ್ಟಿದ ಮೇಲೆ ಜೆರ್ಸಿ ಒಗೆಯುವುದು, ಐಸ್ ತುಂಬುವುದು ಎಲ್ಲ ಇವನ ತಲೆಗೇ ಬಂತು. ಜೊತೆಗೆ ದುಭಾಷಿ ಕೆಲಸ. ತುಳು, ಬ್ಯಾರಿ, ಮಲಯಾಳ, ಹಿಂದಿ, ಅರಬ್ಬಿ, ಒಂದಿಷ್ಟು ಇಂಗ್ಲಿಷ್ ಎಲ್ಲವೂ ಅವನ ನಾಲಿಗೆಯ ಮೇಲಿದ್ದವು. ಕೋಚ್‌ಗೆ ಇದ್ದದ್ದು ಚೀನೀ ಮತ್ತು ಹರಕು ಇಂಗ್ಲಿಷ್ ಮಾತ್ರ. ಹಾಗಾಗಿ ಫಂಗ್‌ನ ಕಿವಿಗೆ ಬೀಳುವ ಕುವೈತ್ ಅಷ್ಟೂ ಉಮ್ಮರ್‌ನ ಬಾಯಿಂದಲೇ ಬರಬೇಕಿತ್ತು.

ಫಂಗ್ ಒಂದು ಕಾಲದಲ್ಲಿ ಸಣ್ಣ ಆಸಾಮಿಯಲ್ಲ. ಚೀನಾದ ಶೆನ್ಯಾಂಗ್ ಎಂಬ ಊರಿನ ವೃತ್ತಿಪರ ತಂಡದಲ್ಲಿ ಸ್ಟಾಪರ್, ಗೋಲಿನ ಮುಂದೆ ಎದುರಾಳಿಯನ್ನು ತಡೆಯುವ ಆಟಗಾರ. ಸ್ಟೇಡಿಯಂ ತುಂಬ ಜನ ಅವನ ಹೆಸರು ಕೂಗುತ್ತಿದ್ದರಂತೆ. ಇಪ್ಪತ್ತೇಳಕ್ಕೆ ಬಲ ಮೊಣಕಾಲು ಹೋಯಿತು. ಆಮೇಲೆ ಕೋಚ್ ಆದ, ಅಲ್ಲಿಂದ ಬರೀ ಇಳಿಜಾರು. ಎರಡನೇ ದರ್ಜೆಯ ತಂಡ, ಮೂರನೇ ದರ್ಜೆಯ ತಂಡ, ಲಾವೋಸ್, ಢಾಕಾ, ಕುವೈತ್‌ನಲ್ಲಿ ಉಳ್ಳವರ ಮಕ್ಕಳ ಅಕಾಡೆಮಿ. ಅದೂ ಬಾಗಿಲು ಹಾಕಿದ ಮೇಲೆ ಸಬ್ಹಾನ್‌ನ ಮರಳು ಮೈದಾನ. ಇಷ್ಟು ಕೆಳಗೆ ಬಂದ ಮನುಷ್ಯ ಎಲ್ಲರ ಮೇಲೆ ಸಿಡುಕಬೇಕಿತ್ತು, ಇಲ್ಲ ಗಡಿಯಾರ ನೋಡುತ್ತಾ ಕೂರಬೇಕಿತ್ತು. ಇವನು ಡ್ಯೂಟಿ ಮುಗಿಸಿ ಕಾಲೆಳೆದುಕೊಂಡು ಬಂದ ವೆಲ್ಡರ್‌ಗಳಿಗೆ ಬೂಟಿನ ದಾರ ಕಟ್ಟುವುದರಿಂದ ಹಿಡಿದು ಕಲಿಸಿದ. ಉಮ್ಮರ್‌ಗೆ ಅವನೆಂದರೆ ಪ್ರಾಣ.

ಒಮ್ಮೆ ಜೆರ್ಸಿ ಮಡಚುವಾಗ ಫಂಗ್ ತಾನಾಗಿ ಹೇಳಿದ್ದ. "ಆ ದಿನ ನನ್ನ ಕಾಲು ಊದಿತ್ತು. ಆಡಬಾರದು ಅಂತ ಗೊತ್ತಿತ್ತು. ಹೋಗಿ ನೋಡಿದರೆ ನನ್ನ ಜೆರ್ಸಿ ಗೂಟದಲ್ಲಿದೆ. ಅದನ್ನು ಕಂಡ ಮೇಲೆ ಯಾವ ಆಟಗಾರ ಬೇಡ ಅಂತಾನೆ? ಬೇಡ ಅನ್ನಬೇಕಾದವನು ನೇತು ಹಾಕುವವನು."

"ಯಾರು ಹಾಕಿದ್ದು ಕೋಚ್?"

"ನಿನ್ನ ಹಾಗೆ ಜೆರ್ಸಿ ನೋಡಿಕೊಳ್ಳುವ ಮುದುಕ. ಮೇಲಿನವರು ಹೇಳಿದ್ದರಂತೆ. ಪ್ರತಿ ಹೊಸವರ್ಷಕ್ಕೆ ಸೇಬು ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಿದ್ದ. ಸಾಯುವವರೆಗೂ ಬಂದ. ನಾನು ಒಮ್ಮೆಯೂ ಬಾಗಿಲು ತೆಗೆಯಲಿಲ್ಲ."

ಈ ವರ್ಷ ಐದನೇ ನಂಬರಿನ ಸ್ಟಾಪರ್ ವಿನೀತ್. ಉಚ್ಚಿಲದವನು, ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು. ಸೆಮಿಫೈನಲ್‌ನಲ್ಲಿ ಅವನ ಮೊಣಕಾಲು ಉಳುಕಿತು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದವನು ಉಮ್ಮರ್. ಡಾಕ್ಟರು ಮಲಯಾಳದಲ್ಲಿ ಬಿಡಿಸಿ ಹೇಳಿದರು: ಆರು ವಾರ ಓಡುವಂತಿಲ್ಲ, ಇನ್ನೊಂದು ಸಲ ತಿರುಚಿದರೆ ಒಳಗಿನ ನಾರು ಹರಿದೇ ಹೋಗುತ್ತದೆ, ಆಮೇಲೆ ಪೆಡಲ್ ಒತ್ತುವುದನ್ನೂ ಮರೆಯಬೇಕು. ಪೆಡಲ್ ಒತ್ತಲಾಗದ ಡ್ರೈವರ್‌ಗೆ ಫ್ಯಾಕ್ಟರಿ ಏನು ಮಾಡುತ್ತದೆಂದು ಸಬ್ಹಾನ್‌ನಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಉಮ್ಮರ್ ಇದನ್ನು ಒಂದಕ್ಷರ ಬಿಡದೆ ಕೋಚ್‌ಗೆ ಹೇಳಿದ. ಫೈನಲ್‌ನ ಚೀಟಿಯಲ್ಲಿ ಐದು ಇರಲಿಲ್ಲ, ಅದರ ಬದಲು ಹದಿನಾಲ್ಕು ಇತ್ತು.

ಶುಕ್ರವಾರ ಮಧ್ಯಾಹ್ನ ಉಮ್ಮರ್ ಅಹ್ಮದಿಯ ಹುಲ್ಲಿನ ಮೈದಾನಕ್ಕೆ ಮೂಟೆ ಹೊತ್ತು ಮುಟ್ಟುವಷ್ಟರಲ್ಲಿ ಮ್ಯಾನೇಜರ್‌ನ ಫೋನ್ ಬಂತು.

"ಇವತ್ತು ಕಫೀಲ್ ಮ್ಯಾಚ್ ನೋಡಲಿಕ್ಕೆ ಬರ್ತಾರೆ. ಐದು ಆಡಬೇಕು."

ಕಫೀಲ್ ಎಂದರೆ ಫ್ಯಾಕ್ಟರಿಯ ಧಣಿ. "ಸಾರ್, ಕೋಚ್ ಬೇಡ ಅಂದಿದ್ದಾರೆ."

"ನಾನು ಹೇಳಿದರೆ ಅವನು ಕೇಳುವುದಿಲ್ಲ. ನೀನು ಹೇಳಿದ್ದನ್ನು ನಂಬುತ್ತಾನೆ. ನಿನ್ನ ಇಕಾಮಾ ಈ ತಿಂಗಳು ಮುಗಿಯುತ್ತದಲ್ಲ ಉಮ್ಮರ್? ಫೈಲ್ ನನ್ನ ಮೇಜಿನ ಮೇಲೇ ಇದೆ. ಯಲ್ಲಾ, ಬೇಗ ಮುಗಿಸು."

ಇಕಾಮಾ ಇಲ್ಲದಿದ್ದರೆ ಈ ದೇಶದಲ್ಲಿ ನಿಲ್ಲುವಂತಿಲ್ಲ. ಊರಿನಲ್ಲಿ ಮಗಳು ಆಯಿಶತ್ ನಿಶಾಳ ನರ್ಸಿಂಗ್ ಇನ್ನೂ ಎರಡು ವರ್ಷ ಬಾಕಿ. ಉಮ್ಮರ್ ಐದನೇ ನಂಬರಿನ ಜೆರ್ಸಿಯನ್ನು ಮೂಟೆಯಿಂದ ತೆಗೆದ, ಒಳಗೆ ಹಾಕಿದ, ಮತ್ತೆ ತೆಗೆದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಅಂತಾರೆ. ತಪ್ಪಿದ ದೊಣ್ಣೆ ಪಕ್ಕದವನಿಗೆ ಬೀಳುತ್ತದೆ ಎನ್ನುವುದನ್ನು ಗಾದೆ ಹೇಳುವುದಿಲ್ಲ. ಒಂದೇ ಮ್ಯಾಚು, ಏನೂ ಆಗಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವನು ಐದನ್ನು ಗೂಟಕ್ಕೆ ಹಾಕಿದ.

ವಿನೀತ್ ಬಂದು ನೋಡಿದವನೇ ಶರ್ಟು ಬಿಚ್ಚಿದ. ಅವನ ಮುಖ ಅರಳಿದ್ದನ್ನು ಉಮ್ಮರ್ ನೋಡಲಾರದೆ ಐಸ್ ಪೆಟ್ಟಿಗೆಯ ಕಡೆ ತಿರುಗಿದ.

ಫಂಗ್ ಬಂದ. ಜೆರ್ಸಿ ತೊಟ್ಟ ವಿನೀತ್‌ನನ್ನು ನೋಡಿದ, ಉಮ್ಮರ್‌ನನ್ನು ನೋಡಿದ.

"ಇದೇನು?" ಅಂದ, ವಿನೀತ್‌ಗೆ ತಿಳಿಯದ ಇಂಗ್ಲಿಷಿನಲ್ಲಿ.

"ಬೆಳಿಗ್ಗೆ ಪುನಃ ಡಾಕ್ಟರ್‌ಗೆ ತೋರಿಸಿದೆವು ಕೋಚ್. ಈಗ ಏನೂ ತೊಂದರೆ ಇಲ್ಲ, ಆಡಬಹುದು ಅಂದರು."

"ಅವರೇ ಅಂದರಾ?"

"ಅವರೇ."

ಫಂಗ್ ಉಮ್ಮರ್‌ನ ಕೈಯಿಂದ ಚೀಟಿ ತೆಗೆದುಕೊಂಡ. ಅದರಲ್ಲಿ ಹದಿನಾಲ್ಕನ್ನು ಹೊಡೆದುಹಾಕಿ ಐದು ಎಂದು ಬರೆದ. ಮೂರು ವರ್ಷ ಉಮ್ಮರ್ ಅವನಿಗೆ ಒಂದು ಸುಳ್ಳನ್ನೂ ದಾಟಿಸಿದವನಲ್ಲ.

ಅರವತ್ತಮೂರನೇ ನಿಮಿಷದಲ್ಲಿ ವಿನೀತ್ ಚೆಂಡಿಗೆಂದು ತಿರುಗಿದ. ಹತ್ತಿರ ಯಾರೂ ಇರಲಿಲ್ಲ, ಯಾರೂ ಮುಟ್ಟಲಿಲ್ಲ. ಹುಲ್ಲಿನ ಮೇಲೆ ಕೂತುಬಿಟ್ಟ, ಆಮೇಲೆ ಕಿರುಚಿದ. ಫಂಗ್ ತನ್ನ ಕುಂಟುಗಾಲಿನಲ್ಲೇ ಓಡಿ ಆ ಮೊಣಕಾಲಿನ ಮೇಲೆ ಎರಡೂ ಅಂಗೈ ಇಟ್ಟ. ಅವನಿಗೆ ಸ್ಕ್ಯಾನ್ ಬೇಕಿರಲಿಲ್ಲ. ತಲೆಯೆತ್ತಿ ಬೆಂಚಿನ ಕಡೆ, ಉಮ್ಮರ್‌ನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಉಮ್ಮರ್‌ಗೆ ಎಷ್ಟೋ ವಾಸಿಯಾಗುತ್ತಿತ್ತು.

ಪೆನಾಲ್ಟಿಯಲ್ಲಿ ಕಪ್ ಗೆದ್ದರು. ಭಾನುವಾರ ಕಫೀಲ್ ಮ್ಯಾನೇಜರ್, ಫಂಗ್, ಉಮ್ಮರ್ ಮೂವರನ್ನೂ ಆಫೀಸಿಗೆ ಕರೆಸಿದ. ಗಾಯವಾದ ಕಾರ್ಮಿಕನನ್ನು ಆಡಿಸಿದ್ದು ಯಾರು ಎಂದು ಅರಬ್ಬಿಯಲ್ಲಿ ಕೇಳಿದ. ಮ್ಯಾನೇಜರ್ ಕಿಟಕಿಯ ಹೊರಗೆ ನೋಡುತ್ತಿದ್ದ. ಉಮ್ಮರ್ ಪ್ರಶ್ನೆಯನ್ನು ಇಂಗ್ಲಿಷಿಗೆ ತಿರುಗಿಸಿದ.

"ನಾನು," ಅಂದ ಫಂಗ್. "ತಂಡ ಆರಿಸುವವನು ನಾನು. ಬೇರೆ ಯಾರೂ ಅಲ್ಲ. ಹೇಳು."

ಉಮ್ಮರ್ ಹೇಳಿದ. ತನ್ನ ಬಾಯಿಂದಲೇ, ಒಳ್ಳೆಯ ಅರಬ್ಬಿಯಲ್ಲಿ, ಆ ಮನುಷ್ಯನ ಕುತ್ತಿಗೆಗೆ ಹಗ್ಗ ಬಿಗಿದ. ಕಫೀಲ್ "ಖಲಾಸ್" ಅಂದ. ಇಪ್ಪತ್ತು ವರ್ಷದ ಕೋಚ್ ಕೆಲಸ ಅಲ್ಲಿಗೆ ಮುಗಿಯಿತು.

ಹೊರಗೆ ಉಮ್ಮರ್ ಅಳುತ್ತಾ ಅವನ ತೋಳು ಹಿಡಿದುಕೊಂಡ. ಫಂಗ್ ಮೆಲ್ಲಗೆ ಬಿಡಿಸಿಕೊಂಡ.

"ನಿನಗೆ ಮಗಳಿದ್ದಾಳೆ, ಇವರಿಗೆ ಹೇಳುವುದು ಬೇಡ. ಆದರೆ ವಿನೀತ್‌ಗೆ ಹೇಳು. ಆ ಜೆರ್ಸಿ ಹಾಕಿದ್ದು ಯಾರೆಂದು ಅವನಿಗೆ ಗೊತ್ತಿರಬೇಕು. ನಾನು ಬಾಗಿಲು ತೆಗೆಯಲಿಲ್ಲ. ಅವನು ತೆಗೆದಾನು."

ಹತ್ತು ದಿನದಲ್ಲಿ ವಿನೀತ್‌ನ ವೀಸಾ ರದ್ದಾಯಿತು. ಏರ್‌ಪೋರ್ಟಿಗೆ ಬಿಡಲು ಹೋದವನು ಉಮ್ಮರ್. ಕಿಸೆಯಲ್ಲಿ ಅವನ ಹೊಸ ಇಕಾಮಾ ಇತ್ತು. ದಾರಿಯುದ್ದಕ್ಕೂ ಈಗ ಹೇಳುತ್ತೇನೆ, ಮುಂದಿನ ಸಿಗ್ನಲ್‌ನಲ್ಲಿ ಹೇಳುತ್ತೇನೆ ಎಂದುಕೊಂಡ. ಸಿಗ್ನಲ್‌ಗಳು ಮುಗಿದವು. ಸೂಟ್‌ಕೇಸ್ ಇಳಿಸಿ, ಊರುಗೋಲು ಎರಡೂ ಕೈಗೆ ಕೊಟ್ಟ.

"ಉಮ್ಮರ್ಚ, ಆ ಚೀನಾದವನು ಕಪ್ಪಿಗೋಸ್ಕರ ನನ್ನ ಕಾಲು ತೆಗೆದ ಅಲ್ವಾ?" ಅಂದ ವಿನೀತ್. "ಜೆರ್ಸಿ ನೇತು ಹಾಕಿದ ಮೇಲೆ ನಾನು ಎಂತ ಮಾಡ್ಲಿ?"

ಉಮ್ಮರ್ ಬಾಯಿ ತೆರೆದ. ಆರು ಭಾಷೆ ಬರುತ್ತಿದ್ದ ಬಾಯಿ.

"ಹೂಂ," ಅಂದ.

ವಿನೀತ್ ಊರುಗೋಲಿನ ಮೇಲೆಯೇ ಬಗ್ಗಿ ಅವನನ್ನು ತಬ್ಬಿಕೊಂಡ. "ಇಲ್ಲಿ ನನ್ನವರು ಅಂತ ಇದ್ದದ್ದು ನೀವೊಬ್ರೇ ಮಾರಾಯ್ರೆ. ಊರಿಗೆ ಬಂದಾಗ ಉಚ್ಚಿಲಕ್ಕೆ ಬರ್ಲೇಬೇಕು. ನಿಮಗೆ ನಮ್ಮ ಮನೆ ಬಾಗಿಲು ಯಾವಾಗ್ಲೂ ತೆಗೆದೇ ಇರ್ತದೆ."

"ಬರ್ತೇನೆ," ಅಂದ ಉಮ್ಮರ್.