ಸ್ಪಿರಿಟ್ ಸೀಸೆ

ಸಿಟ್ಟು ಬಂದ ದಿನದಿಂದ ತನಗೆ ಚೆನ್ನಾಗಿ ನಿದ್ದೆ ಬರುತ್ತಿದೆಯಲ್ಲ, ಇದು ಸರಿಯೇ ಎಂಬುದೇ ಅವಳ ಚಿಂತೆಯಾಗಿತ್ತು. ನಿದ್ದೆಯಷ್ಟೇ ಅಲ್ಲ, ಹಸಿವೂ ಹೆಚ್ಚಾಗಿತ್ತು. ಗುರುವಾರದ ಡೈರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು: 'ಇವತ್ತು ಎರಡು ಸಲ ಬಡಿಸಿಕೊಂಡೆ. ಅಪ್ಪ ಎದುರಿಗೇ ಕೂತಿದ್ದರು. ಶನಿವಾರ ಅವರ ಮುಖ ಹೇಗಾಗಬಹುದು ಎಂದು ನೆನೆಯುತ್ತಾ ಉಂಡರೆ ಊಟ ಎಷ್ಟು ರುಚಿ! ನಾನು ಕೆಟ್ಟವಳಾಗುತ್ತಿದ್ದೇನೆಯೇ?' ಕೆಳಗೆ 'ಆಗಲಿ' ಎಂದು ಸೇರಿಸಿದಳು.

ಪದವಿ ಮುಗಿಸಿ ಎರಡು ವರ್ಷವಾಗಿದ್ದರೂ ನಾಲ್ಕು ಜನರೆದುರು ಅವಳಿಗೆ ಬಾಯಿ ಬರುತ್ತಿರಲಿಲ್ಲ. ಸಂದರ್ಶನಕ್ಕೆ ಹೋದರೆ ಹೆಸರು ಹೇಳುವಷ್ಟರಲ್ಲೇ ಮುಂದಿನ ಮಾತು ಮರೆತುಹೋಗುತ್ತಿತ್ತು. ಹಾಗಾಗಿ ಅಪ್ಪನ ಗಡಿಯಾರ ರಿಪೇರಿ ಅಂಗಡಿಯೇ ಅವಳಿಗೆ ಒಗ್ಗಿತು. ಚಪ್ಪಲಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂತಿದ್ದ ಜಾಗ ಅದು. ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕು. ಅಪ್ಪನ ಕೈ ನಡುಗತೊಡಗಿದ ಮೇಲೆ ಸೂಕ್ಷ್ಮದ ಕೆಲಸವೆಲ್ಲ ಅವಳ ಪಾಲಿಗೆ ಬಂದಿತ್ತು. ಹೆಸರು ಮಾತ್ರ ಅಪ್ಪನದು. ಅವಳಿಗೂ ಅದರಿಂದ ಬೇಸರವಿರಲಿಲ್ಲ.

ಕೈ ಯಾಕೆ ನಡುಗುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಕುಡಿತಕ್ಕೆ ರೋಸಿಹೋಗಿ ಅಮ್ಮ ತನ್ನ ತಮ್ಮನ ಮನೆ ಸೇರಿ ವರ್ಷವಾಗಿತ್ತು. ಮೂರು ತಿಂಗಳ ಹಿಂದೆ ಅಪ್ಪ ಮಗಳ ಕೈ ಹಿಡಿದುಕೊಂಡು, ಇನ್ನು ಮುಟ್ಟುವುದಿಲ್ಲ ಎಂದು ಮಾತು ಕೊಟ್ಟಿದ್ದರು. ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಪ್ರತಿ ಭಾನುವಾರ ಫೋನಿನಲ್ಲಿ ಅಮ್ಮನಿಗೆ, "ಇಲ್ಲಮ್ಮ, ಒಂದು ತೊಟ್ಟೂ ಇಲ್ಲ. ದಿನವಿಡೀ ನಾನು ಪಕ್ಕದಲ್ಲೇ ಇರ್ತೀನಲ್ಲ" ಎಂದು ತನ್ನ ಮಾತನ್ನೇ ಒತ್ತೆ ಇಟ್ಟಳು.

ಈ ಸೋಮವಾರ ಓಟದ ಮೇಷ್ಟ್ರು ಅಂಗಡಿಗೆ ಬಂದರು. ಮೈದಾನದಲ್ಲಿ ಮಕ್ಕಳಿಗೆ ಓಟ ಕಲಿಸುವವರು. ಬಂದವರೇ ತಮ್ಮ ಹಳೆಯ ಸ್ಟಾಪ್‌ವಾಚನ್ನು ಗಾಜಿನ ಮೇಜಿನ ಮೇಲೆ ಕುಕ್ಕಿದರು.

"ಏನ್ರೀ ಯಜಮಾನ್ರೇ, ಇದು ನಿಲ್ಲೋ ವಾಚು ಅಂತ ನನಗೂ ಗೊತ್ತು. ಆದ್ರೆ ನಾನು ಹೇಳ್ದಾಗ ನಿಲ್ಬೇಕು, ಅದಕ್ಕೆ ಬೇಜಾರಾದಾಗ ಅಲ್ಲ! ಫೈನಲ್ ಓಟ. ಒಂಬತ್ತು ಸೆಕೆಂಡಿಗೇ ಕೂತ್ಬಿಡ್ತು. ಆ ಹುಡುಗಿ ಜೀವ ಬಿಟ್ಟು ಓಡಿದ್ದು ಲೆಕ್ಕಕ್ಕೇ ಬರಲಿಲ್ಲ. ಹೋದ ವಾರ ತಾನೇ ನೀವು ತೊಳ್ದು ಕೊಟ್ಟಿದ್ದು?"

ಅಪ್ಪ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ವಾಚಿನ ಬೆನ್ನು ಬಿಚ್ಚಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಿ ತೆಗೆದು ನಿಟ್ಟುಸಿರು ಬಿಟ್ಟರು.

"ನಾನಲ್ಲ ಸಾರ್, ಮಗಳು ತೊಳೆದದ್ದು. ಓದಿರೋ ಹುಡುಗಿ, ಕೈ ಇನ್ನೂ ಕುದುರಿಲ್ಲ. ನನ್ನ ಮುಖ ನೋಡಿ ಬಿಟ್ಬಿಡಿ. ಶನಿವಾರ ನಾಲ್ಕಕ್ಕೆ ಬನ್ನಿ, ನಿಮ್ಮೆದುರೇ ನಾನೇ ಕೂತು ಮಾಡ್ಕೊಡ್ತೀನಿ."

ಮೇಷ್ಟ್ರು ಅವಳತ್ತ ತಿರುಗಿ, ಗೆರೆ ದಾಟಿ ಓಡಿದ ಮಕ್ಕಳನ್ನು ನೋಡುವಂತೆ ನೋಡಿದರು. ಅವಳ ಕಿವಿ ಕಾದವು. ತಲೆ ತಗ್ಗಿಸಿ ವಾಚನ್ನು ಡಬ್ಬಿಗೆ ಹಾಕಿದಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ತಲುಪಿತ್ತು. ಅಪ್ಪನ ತಂಗಿ, ಅವಳ ಅತ್ತೆ, ಹೊಸ್ತಿಲಲ್ಲೇ ಕಾದಿದ್ದರು. "ಅಲ್ಲ ಕಣೇ, ಡಿಗ್ರಿ ಮಾಡಿ ವಾಚು ತೊಳೆಯೋದು, ಅದೂ ನೆಟ್ಟಗೆ ಬರಲ್ಲ ಅಂದ್ರೆ ಹೇಗೆ? ನನ್ನಣ್ಣ ಮೂರು ತಿಂಗಳಿಂದ ಬಂಗಾರದ ಹಾಗಿದಾನೆ. ಅವನ ಹೆಸರಿಗೆ ನೀನು ಮಸಿ ಬಳಿ."

ಮರುದಿನ ಅಪ್ಪ ಚಹಾ ಕುಡಿಯಲು ಹೋದಾಗ ಅವಳು ವಾಚನ್ನು ಬಿಚ್ಚಿದಳು. ಕೂದಲೆಳೆಯಂಥ ಸ್ಪ್ರಿಂಗಿನ ಮೇಲೆ ತುಕ್ಕಿನ ಚುಕ್ಕೆ. ಸುತ್ತು ಸುತ್ತಿಗೆ ಅಂಟಿಕೊಂಡು ಜಿಗುಟಾಗಿತ್ತು. ಅವಳಿಗೆ ಅರ್ಥವಾಗಲಿಲ್ಲ. ಬಿಡಿಭಾಗಗಳನ್ನು ಮೊದಲು ಪೆಟ್ರೋಲಿನಲ್ಲಿ, ಕಡೆಗೊಮ್ಮೆ ಸ್ಪಿರಿಟ್ಟಿನಲ್ಲಿ ತೊಳೆಯುವುದೇ ಏನೂ ಉಳಿಯದೆ ಆರಲಿ ಎಂದು. ಸ್ಪಿರಿಟ್ಟಿಗೆ ತುಕ್ಕು ಹಿಡಿಸಲು ಬರುವುದಿಲ್ಲ. ತುಕ್ಕಿಗೆ ನೀರು ಬೇಕು, ಜಿಗುಟಿಗೆ ಸಕ್ಕರೆ.

ಸೀಸೆಯಿಂದ ಒಂದು ಹನಿಯನ್ನು ಗಾಜಿನ ಮೇಲೆ ಬಿಟ್ಟಳು. ಮಾಯವಾಗಬೇಕಿದ್ದ ಹನಿ ಆರಿದ ಮೇಲೆ ಉಂಗುರದಂಥ ಕಲೆ ಉಳಿಯಿತು. ಸೀಸೆಯನ್ನು ಮೂಗಿನ ಹತ್ತಿರ ಹಿಡಿದಳು. ಹೋದ ವಾರ ನೆಗಡಿಯಿಂದ ಕಟ್ಟಿದ್ದ ಮೂಗು ಈಗ ಬಿಟ್ಟಿತ್ತು. ಘಾಟಿನ ಅಡಿಯಲ್ಲಿ ಕಿತ್ತಳೆ ಸಿಪ್ಪೆಯ ಸಿಹಿ ವಾಸನೆ. ಕುಡಿದು ಬಂದ ರಾತ್ರಿಗಳಲ್ಲಿ ಅಪ್ಪನಿಂದ ಬರುತ್ತಿದ್ದದ್ದೇ.

ಎಷ್ಟು ಬುದ್ಧಿವಂತಿಕೆ! ಗಡಿಯಾರದ ಅಂಗಡಿಯಲ್ಲಿ ಸ್ಪಿರಿಟ್ ವಾಸನೆ ಬಂದರೆ ಯಾರು ಅನುಮಾನಿಸುತ್ತಾರೆ? ಬಟ್ಟೆಯಿಂದ ಬಂದರೂ ಸರಿ, ಬಾಯಿಂದ ಬಂದರೂ ಸರಿ. ಅವಳ ಕಣ್ಣೆದುರೇ, ಅವಳ ಮೊಣಕೈ ಪಕ್ಕದಲ್ಲೇ, ಮೂರು ತಿಂಗಳು. ತೊಳೆಯುವ ಕೆಲಸ ಬಂದಾಗ ನಿಜವಾದ ಸ್ಪಿರಿಟ್ ತಂದಿಡುತ್ತಿದ್ದಿರಬೇಕು, ಹೋದ ವಾರ ಅದು ತಪ್ಪಿತ್ತು. ಸೋಮವಾರ ವಾಚಿನೊಳಗೆ ಅಷ್ಟು ಹೊತ್ತು ನೋಡಿದಾಗ ಅಪ್ಪನಿಗೆ ಎಲ್ಲ ತಿಳಿದಿತ್ತು. ತಿಳಿದೇ ಅವಳತ್ತ ಕೈ ತೋರಿದ್ದರು.

ಮುಚ್ಚಳವನ್ನು ಮೊದಲಿದ್ದಂತೆಯೇ ತಿರುಗಿಸಿಟ್ಟಳು. ಮನೆಯಲ್ಲಿ ಹೇಳಿದರೆ ಅಪ್ಪ ಅಳುತ್ತಾರೆ, ಅತ್ತರೆ ತಾನು ಕರಗುತ್ತೇನೆ, ಕರಗಿದ ಮೇಲೆ ಇನ್ನೊಂದು ಮಾತು ಕೊಡುತ್ತಾರೆ. ಈ ಸುತ್ತು ಅವಳಿಗೆ ಬಾಯಿಪಾಠವಾಗಿತ್ತು. ಈ ಸಲ ಹಾಗಾಗಬಾರದು. ಯಾರೆದುರು ತನ್ನ ಮರ್ಯಾದೆ ತೆಗೆದರೋ ಅವರೆದುರೇ ಆಗಬೇಕು. ಹೊಸ ಸ್ಪ್ರಿಂಗ್ ತಂದು ಹಾಕಿ, ಕಡೆಯ ತೊಳೆತವೊಂದನ್ನು ಮಾತ್ರ ಬಾಕಿ ಉಳಿಸಿದಳು. ಅತ್ತೆಗೆ ಬಾಯ್ತುಂಬ ಆಹ್ವಾನ ಕೊಟ್ಟಳು.

"ಶನಿವಾರ ನಾಲ್ಕಕ್ಕೆ ಅಂಗಡಿಗೆ ಬನ್ನಿ ಅತ್ತೆ. ಅಪ್ಪ ಕೆಲಸ ಮಾಡೋದನ್ನ ನಾನೂ ನೋಡಿ ಕಲೀತೀನಿ."

"ಈಗ ಬಂತು ನೋಡು ಬುದ್ಧಿ!" ಎಂದರು ಅತ್ತೆ.

ಶನಿವಾರ ಬೆಳಗ್ಗೆ ಅಪ್ಪನಿಗಿಂತ ಮುಂಚೆ ಅಂಗಡಿ ತೆರೆದು, ಸೀಸೆಯ ಪಕ್ಕಕ್ಕೇ ಸ್ಟೂಲು ಎಳೆದುಕೊಂಡು ಕೂತಳು. ಅಲುಗಾಡಲಿಲ್ಲ.

ಹನ್ನೊಂದಕ್ಕೆ ಅಪ್ಪ ಎಂದರು, "ಬ್ಯಾಂಕಿಗೆ ಹೋಗ್ಬೇಕು ಅಂದಿದ್ಯಲ್ಲ?"

"ಸೋಮವಾರ ಹೋಗ್ತೀನಿ."

ಒಂದಕ್ಕೆ, "ಹೋಗಿ ಊಟ ಮಾಡ್ಕೊಂಡು ಬಾ, ಪುಟ್ಟಾ."

"ಹಸಿವಿಲ್ಲ ಅಪ್ಪ."

ಎರಡರ ಹೊತ್ತಿಗೆ ಅಪ್ಪನ ಹಣೆಯಲ್ಲಿ ಬೆವರು. ಮೂರಕ್ಕೆ ಪೆನ್ನು ಕೈಜಾರಿತು. ಅವಳು ಅದನ್ನು ಎತ್ತಿಕೊಟ್ಟಳು, ಬಹಳ ವಿನಯದಿಂದ. ನಡುಗುವ ಆ ಬೆರಳುಗಳನ್ನು ನೋಡುತ್ತಿದ್ದರೆ ಅವಳ ಎದೆ ತಂಪಾಗುತ್ತಿತ್ತು.

ನಾಲ್ಕಕ್ಕೆ ಸರಿಯಾಗಿ ಓಟದ ಮೇಷ್ಟ್ರು ಬಂದರು. ಅತ್ತೆ ಹೊಸ ಸೀರೆಯುಟ್ಟು ಬಂದು ಬಾಗಿಲಿಗೆ ಒರಗಿದರು. ಅವಳು ಅಪ್ಪನ ಮುಂದೆ ಬಿಡಿಭಾಗಗಳ ತಟ್ಟೆ, ಚಿಮಟ, ಗಾಜಿನ ಬಟ್ಟಲು, ಕೊನೆಗೆ ಸೀಸೆ ಇಟ್ಟಳು.

ಅಪ್ಪ ಸೀಸೆ ನೋಡಿದರು, ಅವಳನ್ನು ನೋಡಿದರು. "ಈ ಸ್ಪಿರಿಟ್ ಹಳೇದಾಗಿದೆ ಕಣಮ್ಮ. ಪಕ್ಕದ ಔಷಧಿ ಅಂಗಡಿಯಿಂದ ಹೊಸದು ತಗೊಂಡ್ಬಾ."

"ತುಂಬಾ ಇದೆಯಲ್ಲ ಅಪ್ಪ. ಮೊನ್ನೆ ತಾನೇ ನೀವು ತುಂಬಿಸಿದ್ದು."

"ಹಾಗಾದ್ರೆ ನೀನೇ ತೊಳಿ. ನನಗೆ ಕಣ್ಣು ಯಾಕೋ ಮಂಜು."

"ನನ್ನ ಕೈ ಕುದುರಿಲ್ಲ ಅಪ್ಪ."

ಮೇಷ್ಟ್ರು ನಕ್ಕರು. "ಯಜಮಾನ್ರೇ, ಓಟಕ್ಕೆ ಮುಂಚೆ ನಮ್ಮ ಮಕ್ಕಳೂ ಹೀಗೇ ನೆಪ ಹೇಳೋದು. ಶುರು ಮಾಡಿ!"

ಅಪ್ಪ ಮುಚ್ಚಳ ತೆಗೆದು ಬಟ್ಟಲಿಗೆ ಸುರಿದರು. ಅರ್ಧ ಬಟ್ಟಲಿಗೆ ಬಿತ್ತು, ಅರ್ಧ ಮೇಜಿಗೆ. ಚಿಮಟದ ತುದಿಯಲ್ಲಿ ಪುಟ್ಟ ಚಕ್ರ ಮೇಲೆದ್ದಿತು. ಅದಕ್ಕೆ ಜೋತುಬಿದ್ದ ಸ್ಪ್ರಿಂಗು ಗಾಳಿಗೆ ಸಿಕ್ಕಿದ ಜೇಡದ ಬಲೆಯಂತೆ ಕುಣಿಯಿತು. ಮೇಷ್ಟ್ರ ನಗು ನಿಂತಿತು. "ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಂತ ಕಾಣುತ್ತೆ, ಪಾಪ" ಎಂದರು ಅತ್ತೆ.

ಅವಳು ಬಯಸಿದ್ದು ಇದನ್ನೇ. ಅಪ್ಪ ಚಿಮಟ ಕೆಳಗಿಡುತ್ತಾರೆ, ತಲೆ ತಗ್ಗಿಸುತ್ತಾರೆ, ಹೇಳುತ್ತಾರೆ ಎಂದು ಕಾದಳು. ಅಪ್ಪ ಕೆಳಗಿಡಲಿಲ್ಲ. ಚಕ್ರವನ್ನು ಬಟ್ಟಲಿನ ಕಡೆಗೇ ಒಯ್ದರು. ಮತ್ತೆ ಅದರಲ್ಲೇ ಅದ್ದುತ್ತಾರೆ. ಮತ್ತೆ ತುಕ್ಕು ಹಿಡಿಯುತ್ತದೆ. ಮುಂದಿನ ಸೋಮವಾರ, ಸ್ಪ್ರಿಂಗ್ ಹಾಕಿದ್ದು ಮಗಳು ಸಾರ್ ಎನ್ನುತ್ತಾರೆ.

ಅವಳು ಬಟ್ಟಲಿನ ಮೇಲೆ ಅಂಗೈ ಮುಚ್ಚಿದಳು.

"ಯಾಕಮ್ಮ?" ಎಂದರು ಮೇಷ್ಟ್ರು.

ಅಪ್ಪ ಅವಳಿಗಷ್ಟೇ ಕೇಳುವಂತೆ, "ಬೇಡ ಪುಟ್ಟಾ. ಇದೊಂದು ಸಲ" ಎಂದರು. ಕಣ್ಣಲ್ಲಿ ನೀರು ಆಗಲೇ ಸಿದ್ಧವಾಗಿತ್ತು. ಅವಳು ಆ ಕಣ್ಣುಗಳನ್ನು ನೋಡಿಯೂ ಕೈ ತೆಗೆಯಲಿಲ್ಲ. ಡೈರಿಯಲ್ಲಿ ಮೂರು ದಿನ ತಿದ್ದಿ ತಿದ್ದಿ ಬರೆದಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

"ಇದು ಸ್ಪಿರಿಟ್ ಅಲ್ಲ ಸಾರ್, ಅಪ್ಪ ಕುಡಿಯೋದು. ನಿಮ್ಮ ವಾಚನ್ನ ನಾನು ಇದರಲ್ಲೇ ತೊಳೆದೆ. ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು."