ಸೌದೆ ಹೊಗೆಯೋ, ಡೀಸೆಲ್ ಹೊಗೆಯೋ?

ನಗರಸಭೆಯ ಅಧಿಕಾರಿ ಬೇಕರಿಗೆ ಬಂದು, ಸೌದೆ ಒಲೆಯನ್ನು ಎರಡು ವರ್ಷದೊಳಗೆ ಒಡೆದುಹಾಕಬೇಕೆಂದು ಹೇಳಿ ಹೋದ. ಬೀದಿಯ ಗಾಳಿ ಕೆಡಲು ಅದೇ ಕಾರಣವಂತೆ. ಬೇಕರಿಯ ಒಡತಿಗೆ ಮೈಯೆಲ್ಲ ಉರಿದುಹೋಯಿತು. ಎದುರಿನ ಗೋದಾಮಿನಲ್ಲಿ ಡೀಸೆಲ್ ಜನರೇಟರ್‌ಗಳು ಕಿವಿ ಗಡಚಿಕ್ಕುವಂತೆ ಓಡುತ್ತಲೇ ಇದ್ದವು.

"ಅವು ಇವರ ಕಣ್ಣಿಗೆ ಬೀಳಲ್ವಾ? ನಮ್ಮ ಹೊಗೆ ಮಾತ್ರ ಕಾಣತ್ತಾ?" ಎಂದು ಹಿಟ್ಟಿನ ಮುದ್ದೆಯನ್ನು ಮೇಜಿಗೆ ಕುಕ್ಕಿದಳು.

"ಸುಮ್ನಿರಮ್ಮ," ಎಂದ ಅವಳ ಮಾವ. ಆ ಒಲೆ ಕಟ್ಟಿದವನೇ ಅವನು. "ಗಾಳಿಗೆ ಸೇರಿದ ಮೇಲೆ ಯಾರ ಹೊಗೆ ಅಂತ ಹೇಳೋಕಾಗತ್ತಾ?"

"ಆಗತ್ತೆ ಅಪ್ಪ," ಎಂದಳು ಆಗಷ್ಟೇ ಒಳಬಂದ ಅವನ ಮಗಳು. ಅವಳಿಗೆ ಗಾಳಿ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ. "ಮರ ಗಾಳಿಯಿಂದ ಇಂಗಾಲ ತಗೊಂಡು ಬೆಳೆಯತ್ತೆ. ಅದರಲ್ಲಿ ಇಂಗಾಲ-ಹದಿನಾಲ್ಕು ಅನ್ನೋ ಬಗೆ ಒಂಚೂರು ಇರತ್ತೆ. ಸೌದೆ ಸುಟ್ರೆ ಅದು ಹೊಗೆಯಲ್ಲೂ ಬರತ್ತೆ. ಡೀಸೆಲ್ ಆದ್ರೆ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು. ಇಂಗಾಲ-ಹದಿನಾಲ್ಕು ಕಾಲ ಕಳೆದಂತೆ ತಾನೇ ಕರಗೋದು, ಡೀಸೆಲ್‌ನಲ್ಲಿದ್ದದ್ದು ಎಂದೋ ನಶಿಸಿಹೋಗಿದೆ. ಅದಕ್ಕೇ ಡೀಸೆಲ್ ಸುಟ್ಟಷ್ಟೂ ಬೀದಿಯ ಗಾಳಿಯಲ್ಲಿ ಅದರ ಪಾಲು ಇಳಿಯತ್ತೆ."

"ನಮ್ಮನ್ನ ಕೆಮ್ಮಿಸೋದು ಈ ಇಂಗಾಲಾನಾ?" ಎಂದು ಒಡತಿ ಕೇಳಿದಳು.

"ಅಲ್ಲ ಅತ್ತಿಗೆ, ಕೆಮ್ಮಿಸೋದು ಮಸಿ. ನಾವು ಅಳೆಯೋದು ಈ ಇಂಗಾಲ ಸೇರಿರೋ ಕಾರ್ಬನ್ ಡೈಆಕ್ಸೈಡನ್ನ. ಅದು ಭೂಮಿ ಕಾಯಿಸತ್ತೆ. ಎರಡೂ ಬರೋದು ಅದೇ ಹೊಗೆಕೊಳವೆಯಿಂದ."

"ಅವತ್ತು ಗಾಳಿ ಬೇರೆ ಕಡೆಯಿಂದ ಬೀಸಿತ್ತು ಅಂತ ಗೋದಾಮಿನವರು ನುಣುಚಿಕೊಳ್ತಾರೆ," ಎಂದ ಮಾವ.

"ಅದಕ್ಕೇ ವರ್ಷಪೂರ್ತಿ ಗಾಳಿ ಹಿಡಿಯೋಣ. ಊರಾಚೆಯ ಶುದ್ಧ ಗಾಳಿಯ ಜೊತೆ ಹೋಲಿಸೋಣ."

ಮಳೆ, ಚಳಿ, ಬಿಸಿಲೆನ್ನದೆ ಅವಳು ಬೇಕರಿಯ ಮಹಡಿಯ ಮೇಲೆ ಗಾಜಿನ ಸೀಸೆಗಳಿಗೆ ಗಾಳಿ ತುಂಬಿಸಿದಳು. ಮೊದಮೊದಲು ಗೊಣಗುತ್ತಿದ್ದ ಮಾವ ಆಮೇಲೆ ತಾನೇ ಏಣಿ ಹಿಡಿದು ನಿಂತ. ನಡುವೆ ಜನರೇಟರ್‌ಗಳು ಕೆಟ್ಟು ಕೆಲವು ವಾರ ನಿಂತವು. ಬೇಕರಿಯ ಒಲೆ ಎಂದಿನಂತೆ ಉರಿಯುತ್ತಲೇ ಇತ್ತು. ಆ ವಾರಗಳಲ್ಲಿ ಇಂಗಾಲ-ಹದಿನಾಲ್ಕರ ಪಾಲು ಏರಿತು. ಜನರೇಟರ್ ಶುರುವಾದ ಕೂಡಲೇ ಮತ್ತೆ ಕುಸಿಯಿತು.

"ನೋಡ್ರೋ, ಸಿಕ್ಕಿಬಿದ್ರು!" ಎಂದು ಮಾವ ಬೀದಿಗೆಲ್ಲ ಕೇಳುವಂತೆ ಕೂಗಿದ.

ವಾರ್ಡ್ ಸಭೆಯಲ್ಲಿ ಫಲಿತಾಂಶ ನೋಡಿದ ಅಧಿಕಾರಿ ತಡವರಿಸಿದ. "ಸೌದೆ ಒಲೆಯೇ ಇರಬೇಕು ಅಂತ ಅಂದ್ಕೊಂಡಿದ್ವಿ."

"ಅಂದ್ಕೊಂಡ್ರಾ?" ಒಡತಿ ಎದ್ದು ನಿಂತಳು. "ನೀವು ಅಂದ್ಕೊಂಡಿದ್ದಕ್ಕೆ ನಮ್ಮ ಹೊಟ್ಟೆಪಾಡು ಒಡೀಬೇಕಿತ್ತಾ? ಎದುರುಗಡೆ ಒಂದ್ಸಲ ಇಣುಕೋಕೆ ನಿಮಗೆ ಪುರುಸೊತ್ತಿರಲಿಲ್ವಾ? ನನ್ನ ಒಲೆದೂ ಮಸಿ ಇದೆ, ಅದಕ್ಕೆ ಚಿಮಣಿ ನಾನು ಸರಿಮಾಡಿಸ್ತೀನಿ. ಅವರ ಪಾಪ ನನ್ನ ತಲೆಗೆ ಕಟ್ಟಬೇಡಿ!"

ಒಲೆ ಒಡೆಯುವ ಆಜ್ಞೆ ಅಲ್ಲೇ ರದ್ದಾಯಿತು. ಗೋದಾಮಿನವರು ಮಳೆಗಾಲಕ್ಕೆ ಮೊದಲೇ ಜನರೇಟರ್ ತೆಗೆದು ವಿದ್ಯುತ್ ಸಂಪರ್ಕ ಪಡೆಯಬೇಕಾಯಿತು. ಆದರೂ ಒಡತಿಯ ಸಿಟ್ಟು ಇಳಿದಿಲ್ಲ. ಪಕ್ಕದ ಬೀದಿಯಲ್ಲೂ ಗಾಳಿ ಅಳೆಯಿರಿ ಎಂದು ಅವಳೀಗ ಮಾವನ ಜೊತೆ ನಗರಸಭೆಗೆ ಅಲೆಯುತ್ತಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯ ಹೊಗೆಗೂ ಯಾರಾದರೂ ನಿಮ್ಮತ್ತ ಬೆರಳು ತೋರಿಸಿದರೆ ತಲೆ ತಗ್ಗಿಸಬೇಡಿ. "ಅಳೆದು ನೋಡಿದ್ದೀರಾ? ಎಷ್ಟು ಕಾಲ ಅಳೆದಿರಿ?" ಎಂದು ಕೇಳಿ. ಗಾಳಿ ಹಿಡಿಯಲು ಬಂದವರಿಗೆ ನಿಮ್ಮ ಮಹಡಿ ಬಿಟ್ಟುಕೊಡಿ. ಫಲಿತಾಂಶವನ್ನು ಎಲ್ಲರೆದುರು ಓದಿಸಿ. ಉಸಿರಾಡುವವರು ನೀವು, ಕೇಳುವ ಹಕ್ಕೂ ನಿಮ್ಮದೇ.